ಮನಸ್ಸು, ಸಮಾಜಗಳ ಆಕರಗ್ರಂಥಗಳು ಮತ್ತು ನಮ್ಮ ಮಲೆನಾಡು

ಒಂದು ನಾಡಿನ ವಿದ್ಯೆಯ ಮಟ್ಟವನ್ನು ತಿಳಿಯಬೇಕಾದರೆ ಅಲ್ಲಿಯ ಕಾವ್ಯಗಳನ್ನಷ್ಟೇ ನೋಡಿದರೆ ಸಾಲದು. ಅಲ್ಲಿಯ ಆಕರಗ್ರಂಥಗಳನ್ನೂ ನೋಡಬೇಕಾಗುತ್ತದೆ. ಕಾವ್ಯವು ಒಬ್ಬ ಮಹಾಪುರುಷನ ಪ್ರತಿಭೆಯಿಂದ ಹುಟ್ಟಬಹುದು. ಕೋಶ, ನಿಘಂಟು, ಗೆಜೆಟಿಯರುಗಳಾದರೋ ಒಂದು ಸಮಾಜವು ತನ್ನ ತಿಳಿವಳಿಕೆಯನ್ನು ಒಟ್ಟುಗೂಡಿಸಿ, ಮುಂದಿನವರ ಕೈಗೆ ಒಪ್ಪಿಸುವ ಬಗೆಯನ್ನು ತೋರಿಸುತ್ತವೆ. ಇವುಗಳಲ್ಲಿಯೂ ಮನುಷ್ಯನ ಮನಸ್ಸನ್ನೂ ಅವನ ಸಮಾಜವನ್ನೂ ಕುರಿತ ಗ್ರಂಥಗಳಿಗೆ ಒಂದು ವಿಶೇಷವುಂಟು. ಗಿಡದ ವಿಷಯವಾಗಿ ಬರೆದ ಪುಸ್ತಕವನ್ನು ಗಿಡ ಓದುವುದಿಲ್ಲ. ಜನರ ವಿಷಯವಾಗಿ ಬರೆದುದನ್ನು ಜನರು ಓದಬಲ್ಲರು, ತಪ್ಪಿದ್ದರೆ ತಿದ್ದಬಲ್ಲರು. ಅದಕ್ಕೆ ಆ ಗ್ರಂಥವು ಅವರ ಭಾಷೆಯಲ್ಲಿರಬೇಕು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು, ಇಂತಹ ಗ್ರಂಥಗಳು ನಮ್ಮಲ್ಲಿ ನಡೆದು ಬಂದ ದಾರಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸರ್ವಶಾಸ್ತ್ರಗಳನ್ನು ಒಂದೆಡೆ ಸಂಗ್ರಹಿಸುವ ಪದ್ಧತಿ ಕನ್ನಡನಾಡಿಗೆ ಪಶ್ಚಿಮದಿಂದ ಬಂದುದಲ್ಲ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ಅನಂತರದ ಕಾಲದಲ್ಲಿ ನಿಜಗುಣ ಶಿವಯೋಗಿಗಳು ‘ವಿವೇಕಚಿಂತಾಮಣಿ’ಯನ್ನು ಬರೆದರು. ತತ್ತ್ವಶಾಸ್ತ್ರದಿಂದ ಹಿಡಿದು ಸಂಗೀತ, ನಾಟ್ಯ, ಕಾವ್ಯಲಕ್ಷಣಗಳವರೆಗೆ ಅನೇಕ ವಿಷಯಗಳನ್ನು ವಿಂಗಡಿಸಿ ಹೇಳುವ ಈ ಗ್ರಂಥದ ಹಿರಿಮೆಯೆಂದರೆ, ಅದು ಕನ್ನಡ ಗದ್ಯದಲ್ಲಿರುವುದು. ೧೬೦೪ರಲ್ಲಿ ಮರಾಠಿಗೂ ೧೬೫೨ರಲ್ಲಿ ಸಂಸ್ಕೃತಕ್ಕೂ ಇದು ಅನುವಾದಗೊಂಡಿತು. ಶಾಸ್ತ್ರವು ಸಂಸ್ಕೃತದಿಂದ ಕನ್ನಡಕ್ಕೆ ಇಳಿದು ಬರುವುದೇ ವಾಡಿಕೆಯಾಗಿದ್ದ ಕಾಲದಲ್ಲಿ, ಕನ್ನಡದ ಕೋಶವೊಂದು ಸಂಸ್ಕೃತಕ್ಕೆ ಹೋದ ಸಂಗತಿ ಸಾಮಾನ್ಯವಾದುದಲ್ಲ.

ಮಲೆನಾಡಿಗೆ ಇನ್ನೂ ಹತ್ತಿರದ ನಿದರ್ಶನವೆಂದರೆ ಕೆಳದಿಯ ಬಸವಪ್ಪನಾಯಕನ ‘ಶಿವತತ್ತ್ವರತ್ನಾಕರ’. ೧೭೦೯ರಲ್ಲಿ ಪೂರ್ಣಗೊಂಡ ಈ ಸಂಸ್ಕೃತ ಕೃತಿಯಲ್ಲಿ ಒಂಬತ್ತು ಕಲ್ಲೋಲಗಳೂ ೧೦೮ ತರಂಗಗಳೂ ಇವೆ. ರಾಜನೀತಿ, ಭೂಗೋಳ, ವಾಸ್ತು, ಪಾಕಶಾಸ್ತ್ರಗಳ ಜೊತೆಗೆ ಕೆಳದಿಯ ರಾಜವಂಶದ ಚರಿತ್ರೆಯೂ ಅದರಲ್ಲಿ ಸೇರಿದೆ. ಕೊಪ್ಪ, ಶೃಂಗೇರಿಗಳ ಸುತ್ತಣ ಮಲೆಗಳು ಆಗ ಕೆಳದಿಯ ಆಳ್ವಿಕೆಯಲ್ಲಿದ್ದವು; ವೀರಶೈವರಾದ ಈ ಅರಸರು ಶೃಂಗೇರಿಯ ಮಠಕ್ಕೂ ದಾನದತ್ತಿಗಳನ್ನು ಕೊಟ್ಟರು. ಆದರೂ ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಅರಸನ ಆ ಮಹಾಕೋಶವು ಪಂಡಿತರಿಗಾಗಿ ಇದ್ದಿತೇ ಹೊರತು, ಅಡಕೆಯ ತೋಟದ ಒಕ್ಕಲಿಗಾಗಿ ಇರಲಿಲ್ಲ. ನಿಜಗುಣರು ಹಿಡಿದ ದಾರಿಯೇ ಬೇರೆ.

ಬ್ರಿಟಿಷರ ಕಾಲಕ್ಕೆ ಬಂದರೆ ಚಿತ್ರವು ಮತ್ತೊಂದು ಬಗೆಯಾಗುತ್ತದೆ. ಬಿ. ಎಲ್. ರೈಸ್ ಅವರು ಮೈಸೂರು ಗೆಜೆಟಿಯರನ್ನು ಸಿದ್ಧಪಡಿಸಿದುದಲ್ಲದೆ, ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟವನ್ನು ೧೯೦೧ರಲ್ಲಿ ಪ್ರಕಟಿಸಿದರು. ಅಂದಿನ ಕಡೂರು ಜಿಲ್ಲೆಗೆ ಮೀಸಲಾದ ಆ ಸಂಪುಟದಲ್ಲಿ ಕೊಪ್ಪ, ಶೃಂಗೇರಿಗಳ ಶಾಸನಗಳು ಮೊದಲ ಬಾರಿಗೆ ಒಟ್ಟಾಗಿ ಅಚ್ಚಾದವು. ೧೯೧೬ರಲ್ಲಿ ಮೈಸೂರಿನ ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಶೃಂಗೇರಿಯ ಮಠದಲ್ಲಿ ಟಿಪ್ಪುಸುಲ್ತಾನನ ಪತ್ರಗಳ ಕಟ್ಟನ್ನು ಕಂಡರು. ೧೭೯೧ರಲ್ಲಿ ಮರಾಠ ದಂಡಿನ ದಾಳಿಗೆ ಸಿಕ್ಕಿದ ಮಠವನ್ನು ಕುರಿತು ಕನ್ನಡದಲ್ಲಿ ಬರೆಸಿದ ಕಾಗದಗಳು ಅದರಲ್ಲಿದ್ದವು. ಒಂದು ಕಾಲದ ಸಮಾಜವನ್ನು ಊಹೆಯಿಂದಲ್ಲದೆ ಕಾಗದಪತ್ರಗಳಿಂದ ಅರಿಯಬೇಕೆಂಬ ಪಾಠವನ್ನು ಇಂತಹ ಶೋಧಗಳು ನಮಗೆ ಕಲಿಸಿದವು. ಆ ವಿದ್ವಾಂಸರ ಋಣವನ್ನು ಮರೆಯುವಂತಿಲ್ಲ.

ಶಾಸನಗಳ ನಂತರ ಜನರ ಸರದಿ. ಮೈಸೂರು ಸಂಸ್ಥಾನದ ಜಾತಿ, ಬುಡಕಟ್ಟುಗಳ ಸಮೀಕ್ಷೆಯನ್ನು ಎಚ್. ವಿ. ನಂಜುಂಡಯ್ಯನವರು ಕೈಗೊಂಡರು. ಅವರು ೧೯೧೫ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು. ೧೯೧೬ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳು. ಅವರು ೧೯೨೦ರಲ್ಲಿ ತೀರಿಕೊಂಡ ಮೇಲೆ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಕೆಲಸವನ್ನು ಮುಂದುವರಿಸಿದರು. ವಿಶ್ವವಿದ್ಯಾನಿಲಯವು ಆ ಸಂಪುಟಗಳನ್ನು ೧೯೨೮ರಿಂದ ಪ್ರಕಟಿಸಿತು. ಮಲೆನಾಡಿನ ಮದುವೆ, ಮನೆತನ, ದೈವ, ಸೂತಕಗಳೆಲ್ಲ ಅಲ್ಲಿ ದಾಖಲಾದವು. ಆದರೆ ಕನ್ನಡ ಪರಿಷತ್ತಿನ ಮೊದಲ ಅಧ್ಯಕ್ಷರೇ ಆರಂಭಿಸಿದ ಗ್ರಂಥವೂ ಇಂಗ್ಲಿಷಿನಲ್ಲಿಯೇ ಹೊರಬರಬೇಕಾಯಿತು. ಇದು ಆ ಪೂಜ್ಯರ ದೋಷವಲ್ಲ, ಕಾಲದ ಕಟ್ಟು. ತಮ್ಮ ಕುಲದ ವಿಷಯವಾಗಿ ಬರೆದುದನ್ನು ಆ ಕುಲದ ಹಿರಿಯರು ಓದಿ ‘ಇದು ಸರಿ, ಇದು ತಪ್ಪು’ ಎನ್ನುವ ಅವಕಾಶ ಮಾತ್ರ ಇಲ್ಲದೆ ಹೋಯಿತು.

ಇದೇ ಅವಧಿಯಲ್ಲಿ ಮನಶ್ಶಾಸ್ತ್ರವೂ ಮೈಸೂರಿಗೆ ಬಂದಿತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಅಧ್ಯಯನ ಮಾಡಿದ ಎಂ. ವಿ. ಗೋಪಾಲಸ್ವಾಮಿಯವರು ೧೯೨೪ರಲ್ಲಿ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗಕ್ಕೆ ಅಡಿಪಾಯ ಹಾಕಿದರು. ೧೯೩೫ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ಆರಂಭಿಸಿದವರೂ ಅವರೇ. ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸ್ ಅವರು ೧೯೫೨ರಲ್ಲಿ ಕೊಡವರನ್ನು ಕುರಿತ ಗ್ರಂಥದಲ್ಲಿ ಪ್ರತಿಪಾದಿಸಿದ ಸಂಸ್ಕೃತೀಕರಣದ ವಿಚಾರವು ಜಗತ್ತಿನ ಸಮಾಜಶಾಸ್ತ್ರದಲ್ಲಿ ನೆಲೆಯೂರಿತು. ಕನ್ನಡದ ಲೇಖಕರೂ ಆಗಿದ್ದ ಹಿರೇಮಲ್ಲೂರು ಈಶ್ವರನ್ ಅವರು ಕೆನಡಾದ ಯಾರ್ಕ್ ವಿಶ್ವವಿದ್ಯಾನಿಲಯದಲ್ಲಿದ್ದುಕೊಂಡು ೧೯೬೮ರಲ್ಲಿ ಶಿವಾಪುರವೆಂಬ ಹಳ್ಳಿಯನ್ನೂ ೧೯೮೩ರಲ್ಲಿ ಲಿಂಗಾಯತ ಸಮಾಜವನ್ನೂ ಕುರಿತ ಗ್ರಂಥಗಳನ್ನು ಪ್ರಕಟಿಸಿದರು. ಕನ್ನಡಿಗರು ಜಗತ್ತಿನ ಸಮಾಜವಿಜ್ಞಾನಕ್ಕೆ ಕೊಟ್ಟದ್ದು ಅಲ್ಪವಲ್ಲ. ಆದರೆ ಹಾಗೆ ಕೊಟ್ಟದ್ದು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ.

ಈ ಕೊರತೆಯನ್ನು ತೀವ್ರವಾಗಿ ಅರಿತವರು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ೧೯೦೪ರ ಡಿಸೆಂಬರ್ ೨೯ರಂದು ಜನಿಸಿದ ಕುವೆಂಪು ಅವರು. ಕವಿಯೆಂದು ಅವರನ್ನು ಎಲ್ಲರೂ ಬಲ್ಲರು. ವಿದ್ಯೆಯೆಲ್ಲವೂ ಕನ್ನಡದಲ್ಲಿ ದೊರೆಯಬೇಕೆಂದು ಅವರು ಪಟ್ಟ ಶ್ರಮವನ್ನು ಅಷ್ಟಾಗಿ ನೆನೆಯುವುದಿಲ್ಲ. ೧೯೩೦ರ ದಶಕದಿಂದ ಮೈಸೂರು ವಿಶ್ವವಿದ್ಯಾನಿಲಯವು ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿ, ಕೆಲವೇ ಆಣೆಗಳ ಬೆಲೆಗೆ ಸಣ್ಣ ಪುಸ್ತಕಗಳನ್ನು ಹಳ್ಳಿಗಳಿಗೆ ಮುಟ್ಟಿಸುತ್ತಿತ್ತು. ೧೯೪೬ರಲ್ಲಿ ಅದರ ಇಂಗ್ಲಿಷ್-ಕನ್ನಡ ನಿಘಂಟು ಹೊರಬಂದಿತು. ಈ ತಳಹದಿಯ ಮೇಲೆ, ೧೯೫೬ರಿಂದ ೧೯೬೦ರವರೆಗೆ ಕುಲಪತಿಗಳಾಗಿದ್ದ ಕುವೆಂಪು ಅವರು ಕಾಲೇಜಿನ ತರಗತಿಗಳಿಗೂ ಕನ್ನಡ ಮಾಧ್ಯಮವನ್ನು ತರಲು ಯತ್ನಿಸಿದರು. ಶಾಸ್ತ್ರವಿಷಯಗಳ ಪುಸ್ತಕಗಳನ್ನು ಕನ್ನಡದಲ್ಲಿ ಬರೆಸುವುದಕ್ಕೆ ಪ್ರೋತ್ಸಾಹ ನೀಡಿದರು. ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ದ ಮೊದಲ ಸಂಪುಟ ೧೯೬೯ರಲ್ಲಿ ಪ್ರಕಟವಾಗಿ, ಮುಂದೆ ಅದು ೧೪ ಸಂಪುಟಗಳಷ್ಟಾಯಿತು. ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ೧೯೭೦ರಿಂದ ೧೯೯೫ರವರೆಗೆ ಎಂಟು ಸಂಪುಟಗಳಲ್ಲಿ ಬಂದಿತು.

ಮನಸ್ಸಿನ ವಿಷಯದಲ್ಲಿಯೂ ಕನ್ನಡವು ಹಿಂದುಳಿಯಲಿಲ್ಲ. ‘ರಾಶಿ’ ಎಂದು ಪ್ರಸಿದ್ಧರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ವೆಂಬ ಮನೋವೈದ್ಯ ಕೃತಿಗೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಕಥೆಯಲ್ಲ, ಕವಿತೆಯಲ್ಲ, ಮನೋವೈದ್ಯದ ಗ್ರಂಥವೊಂದು ಸಾಹಿತ್ಯವೆಂದು ಮನ್ನಣೆ ಪಡೆದುದು ಗಮನಾರ್ಹ. ೧೯೭೪ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮನೋವೈದ್ಯರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ನೂರಕ್ಕೂ ಹೆಚ್ಚು ಪುಸ್ತಕಗಳ ಮೂಲಕ ಮಾನಸಿಕ ಆರೋಗ್ಯದ ತಿಳಿವಳಿಕೆಯನ್ನು ಸಾಮಾನ್ಯರಿಗೆ ತಲುಪಿಸಿದರು.

ಇಷ್ಟಾದರೂ ವಿದ್ಯಾರ್ಥಿಗಳ ತೊಡಕು ತೀರಿಲ್ಲ. ಈ ಮಾತನ್ನು ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ. ಮನಶ್ಶಾಸ್ತ್ರವನ್ನು ಕನ್ನಡದಲ್ಲಿ ಕಲಿತವರಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರದೇ ದೊಡ್ಡ ಗುಂಪು, ಟಿ.ಸಿ.ಎಚ್. ತರಬೇತಿಯಲ್ಲಿ ಶೈಕ್ಷಣಿಕ ಮನೋವಿಜ್ಞಾನ ಒಂದು ವಿಷಯವಾಗಿತ್ತು. ಇಂದ್ರಿಯಗಳಿಂದ ಬಂದುದನ್ನು ಮನಸ್ಸು ಅರ್ಥಮಾಡಿಕೊಳ್ಳುವ ಕ್ರಿಯೆಗೆ ಒಂದು ಪುಸ್ತಕದಲ್ಲಿ ‘ಪ್ರತ್ಯಕ್ಷಾನುಭವ’ ಎಂದಿದ್ದರೆ ಇನ್ನೊಂದರಲ್ಲಿ ‘ಗ್ರಹಿಕೆ’ ಎಂದಿರುತ್ತಿತ್ತು. ಎರಡೂ ಒಂದೇ ಎಂದು ಹೇಳುವ ಪರಿಭಾಷಾಕೋಶವು ನಮ್ಮ ಕೈಗೆ ಸಿಗುತ್ತಿರಲಿಲ್ಲ. ನಾವು ಪದಗಳನ್ನು ಬಾಯಿಪಾಠ ಮಾಡಿ ಉತ್ತೀರ್ಣರಾದೆವು.

ಅದರ ಫಲವನ್ನು ಉಂಡವನು ನಾನಲ್ಲ, ನನ್ನ ವಿದ್ಯಾರ್ಥಿ. ನಾನು ವೃತ್ತಿಗೆ ಸೇರಿದ ಹೊಸದರಲ್ಲಿ ನಾಲ್ಕನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ರಾತ್ರಿ ನೋಡಿದ ಯಕ್ಷಗಾನದ ಪ್ರಸಂಗವನ್ನು ಬೆಳಿಗ್ಗೆ ಮಾತುಮಾತಿಗೂ ಒಪ್ಪಿಸುವನು. ಪುಸ್ತಕದ ಒಂದು ಸಾಲನ್ನು ಓದಲಾರನು. ಬರೆಯುವಾಗ ಅಕ್ಷರಗಳು ಹಿಂದುಮುಂದಾಗುತ್ತಿದ್ದವು. ನಾನು ಕಲಿತಿದ್ದ ಪದಗಳಲ್ಲಿ ಒಂದನ್ನು ತೆಗೆದು ಅವನ ದಾಖಲೆಯಲ್ಲಿ ‘ಮಂದಬುದ್ಧಿ’ ಎಂದು ಬರೆದೆನು. ಆ ವರ್ಷವೇ ಅವನು ಶಾಲೆ ಬಿಟ್ಟು ಕಾಫಿ ತೋಟದ ಕೆಲಸಕ್ಕೆ ಸೇರಿದನು. ಬುದ್ಧಿ ಚುರುಕಾಗಿದ್ದರೂ ಓದುಬರಹ ಮಾತ್ರ ಕೈಗೂಡದ ಮಕ್ಕಳಿರುತ್ತಾರೆಂದೂ ಅವರಿಗೆ ಕಲಿಸುವ ಕ್ರಮವೇ ಬೇರೆ ಎಂದೂ ಅನೇಕ ವರ್ಷಗಳ ಮೇಲೆ ಒಂದು ಕನ್ನಡ ಪುಸ್ತಕದಿಂದ ತಿಳಿದೆನು. ಆ ಪುಸ್ತಕವು ಮೊದಲೇ ಸಿಕ್ಕಿದ್ದರೆ ಆ ಬಾಲಕನ ಬಾಳು ಹೇಗಾಗುತ್ತಿತ್ತೋ ಹೇಳಲಾರೆ. ನನ್ನ ಲೇಖನಿಯಂತೂ ಆ ಪದವನ್ನು ಬರೆಯುತ್ತಿರಲಿಲ್ಲ. ಆಕರಗ್ರಂಥವೆಂದರೆ ಪಂಡಿತರ ಕಪಾಟಿನ ಅಲಂಕಾರವೆಂದು ಯಾರಾದರೂ ಹೇಳಿದಾಗಲೆಲ್ಲ ನನಗೆ ಆ ಹುಡುಗನ ಮುಖವೇ ನೆನಪಾಗುತ್ತದೆ.

ಸಮಾಜಶಾಸ್ತ್ರದ ಪದಗಳ ಸ್ಥಿತಿಯೂ ಇದೇ. ಮಲೆನಾಡಿನ ‘ಒಕ್ಕಲು’ ಎಂಬ ಮಾತಿನಲ್ಲಿ ಸಂಸಾರವೂ ಇದೆ, ಬೇಸಾಯವೂ ಇದೆ, ಒಡೆಯನ ಭೂಮಿಯಲ್ಲಿ ನೆಲೆಸಿದ ಸಂಬಂಧವೂ ಇದೆ. ಇದಕ್ಕೆ ಸಮನಾದ ಒಂದೇ ಇಂಗ್ಲಿಷ್ ಪದವಿಲ್ಲ. ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಾದ ‘ಸೊಪ್ಪಿನಬೆಟ್ಟ’ವನ್ನು ಅರಿಯದವನು ಇಲ್ಲಿಯ ಅಡಕೆ ಬೆಳೆಗಾರನ ಹಕ್ಕನ್ನೂ ಅರಿಯಲಾರನು. ೧೯೭೪ರ ಭೂಸುಧಾರಣೆಯ ಕಾಯಿದೆಯಿಂದ ಗೇಣಿಪದ್ಧತಿಯು ಕೊನೆಗೊಂಡಿತು; ಅದರ ನಂತರ ಹುಟ್ಟಿದವರಿಗೆ ‘ಗೇಣಿ’ ಎಂಬ ಪದವೇ ಅಪರಿಚಿತವಾಗುತ್ತಿದೆ. ಭದ್ರಾ ಜಲಾಶಯದ ಹಿನ್ನೀರು ನರಸಿಂಹರಾಜಪುರದ ಕಡೆಯ ಹಳ್ಳಿಗಳನ್ನು ಮುಳುಗಿಸಿತು. ಕೇರಳದಿಂದ ಬಂದವರು ಅಲ್ಲಿ ಹೊಸ ಒಕ್ಕಲಾಗಿ ನೆಲೆಸಿದರು. ಅದೇ ತಾಲ್ಲೂಕಿನಲ್ಲಿ ಬಾಳೆಹೊನ್ನೂರಿನ ರಂಭಾಪುರಿ ಪೀಠವೂ ಸಿಂಹನಗದ್ದೆಯ ಜೈನ ಕ್ಷೇತ್ರವೂ ಇವೆ. ಇಷ್ಟೊಂದು ಬಗೆಯ ಜನ ಕೂಡಿ ಬಾಳುವ ನೆಲದ ಸಾಮಾಜಿಕ ಕೋಶವನ್ನು ದೂರದಲ್ಲಿ ಕುಳಿತು ಬರೆಯಲಾಗದು.

ಸಮೀಪಕ್ಕೆ ಬಂದು ಬರೆದವರೂ ಇದ್ದಾರೆ. ಲೀಲಾ ಪ್ರಸಾದ್ ಅವರು ಶೃಂಗೇರಿಯಲ್ಲಿ ನೆಲೆಸಿ, ಅಲ್ಲಿಯ ಮನೆಮನೆಗಳಲ್ಲಿ ಜನರು ಹೇಳುವ ಕಥೆಗಳನ್ನೂ ಆಡುವ ಮಾತುಗಳನ್ನೂ ಆಲಿಸಿ, ಶಾಸ್ತ್ರಕ್ಕೂ ದಿನದ ನಡೆವಳಿಕೆಗೂ ಇರುವ ಸಂಬಂಧವನ್ನು ಶೋಧಿಸಿದ ಗ್ರಂಥವೊಂದು ೨೦೦೭ರಲ್ಲಿ ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯದ ಮುದ್ರಣಾಲಯದಿಂದ ಪ್ರಕಟವಾಯಿತು. ಮೂಲದಲ್ಲಿ ಅದೂ ಇಂಗ್ಲಿಷ್ ಗ್ರಂಥವೇ. ಆದರೂ ವಿಧಿನಿಷೇಧಗಳನ್ನು ಗ್ರಂಥದಿಂದಷ್ಟೇ ತಿಳಿಯದೆ ಅವುಗಳನ್ನು ಬಾಳುವ ಜನರ ಬಾಯಿಂದ ಕೇಳಿದ ಆ ಕ್ರಮವು ನಮ್ಮವರಿಗೂ ಮಾದರಿಯಾಗತಕ್ಕದ್ದು.

ಈ ಕ್ರಮವು ನಮಗೆ ತೀರ ಹೊಸದೂ ಅಲ್ಲ. ೧೨ನೆಯ ಶತಮಾನದ ಶರಣರು ಮನಸ್ಸಿನ ಚಂಚಲತೆ, ಆಸೆ, ಅಂಜಿಕೆ, ಕಪಟಗಳನ್ನು ವಿವೇಚಿಸುವಾಗ ಮಡಿವಾಳ, ಅಂಬಿಗ, ನೇಕಾರರ ಕಾಯಕದ ಮಾತುಗಳನ್ನೇ ಬಳಸಿದರು. ಅದರಿಂದ ವಿಚಾರದ ಆಳವು ಕಡಿಮೆಯಾಗಲಿಲ್ಲ. ಸಾವಿರಾರು ವಚನಗಳನ್ನು ಒಟ್ಟುಗೂಡಿಸಿ, ಕರ್ನಾಟಕ ಸರ್ಕಾರವು ೧೯೯೩ರಲ್ಲಿ ಹೊರತಂದ ಸಮಗ್ರ ವಚನ ಸಂಪುಟಗಳ ಮಾಲೆಯಲ್ಲಿ ಪರಿಭಾಷಾಕೋಶಕ್ಕೂ ಒಂದು ಸಂಪುಟವನ್ನು ಮೀಸಲಿಟ್ಟಿದ್ದಾರೆ. ವಚನಗಳಿಗೆ ಸಾಧ್ಯವಾದುದು ಮನಶ್ಶಾಸ್ತ್ರಕ್ಕೂ ಸಮಾಜಶಾಸ್ತ್ರಕ್ಕೂ ಅಸಾಧ್ಯವಾಗಲಾರದು. ವೈದ್ಯರು ‘ಖಿನ್ನತೆ’ ಎನ್ನುವುದನ್ನು ನಮ್ಮ ಹಳ್ಳಿಯವರು ‘ಮಂಕು ಕವಿದಿದೆ’ ಎನ್ನುತ್ತಾರೆ. ಕೋಶದಲ್ಲಿ ಈ ಎರಡೂ ಮಾತುಗಳು ಅಕ್ಕಪಕ್ಕದಲ್ಲಿರಬೇಕು. ಆಗ ವೈದ್ಯರಿಗೆ ರೋಗಿಯ ಮಾತು ತಿಳಿಯುತ್ತದೆ. ತನಗೆ ಆಗಿರುವುದು ಶಾಪವಲ್ಲ, ವಾಸಿಯಾಗುವ ಕಾಯಿಲೆ ಎಂದು ರೋಗಿಗೂ ತಿಳಿಯುತ್ತದೆ.

ಇದಕ್ಕೆ ಮೊದಲ ಹೆಜ್ಜೆ ದೊಡ್ಡದಾಗಿರಬೇಕಾಗಿಲ್ಲ. ಕನ್ನಡ ವಿಶ್ವಕೋಶದ ಲೇಖನಗಳು ಈಗ ಅಂತರ್ಜಾಲದಲ್ಲಿಯೂ ದೊರೆಯುತ್ತವೆ. ಊರಿನ ವಾಚನಾಲಯದಲ್ಲಿ ಸಂಪುಟವಿಲ್ಲವೆಂಬ ಕೊರಗಿಗೆ ಎಡೆ ಕಡಿಮೆಯಾಗಿದೆ. ೧೯೮೭ರಲ್ಲಿ ಸ್ಥಾಪಿತವಾಗಿ ಕವಿಯ ಹೆಸರನ್ನೇ ಹೊತ್ತ ಕುವೆಂಪು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿ ನಮ್ಮ ಜಿಲ್ಲೆಯೂ ಸೇರಿದೆ. ಈ ಮೂರು ತಾಲ್ಲೂಕುಗಳ ಕಾಲೇಜು ವಿದ್ಯಾರ್ಥಿಗಳು ಬೇಸಗೆಯ ರಜೆಯಲ್ಲಿ ತಮ್ಮ ಮನೆಯ ಹಿರಿಯರಿಂದ ಮನಸ್ಸಿನ ನೋವುನಲಿವುಗಳಿಗೂ ಭೂಮಿ, ಬಂಧುತ್ವಗಳಿಗೂ ಸಂಬಂಧಿಸಿದ ಮಾತುಗಳನ್ನು ಬರೆದುಕೊಂಡು, ಅರ್ಥವನ್ನೂ ಬಳಕೆಯ ಸಂದರ್ಭವನ್ನೂ ಗುರುತಿಸಿ, ಅವರಿಗೇ ಓದಿ ಹೇಳಿ ತಿದ್ದಿಸಿಕೊಂಡರೆ ಸಾಕು. ನಂಜುಂಡಯ್ಯನವರ ಕಾಲದಲ್ಲಿ ಆಗದೆ ಉಳಿದ ತಿದ್ದುಪಡಿಯ ಕೆಲಸಕ್ಕೆ ಅಲ್ಲಿಂದ ಆರಂಭ ದೊರೆಯುತ್ತದೆ. ಗೇಣಿಯ ಕಾಲವನ್ನೂ ಮುಳುಗಿದ ಹಳ್ಳಿಗಳನ್ನೂ ಕಣ್ಣಾರೆ ಕಂಡವರು ಈಗ ಎಲ್ಲೋ ಕೆಲವರು ಉಳಿದಿದ್ದಾರೆ. ಅವರ ಬಳಿಗೆ ಹೋಗುವ ಕೆಲಸವನ್ನು ಬರುವ ಬೇಸಗೆಗಿಂತ ಮುಂದಕ್ಕೆ ಹಾಕಬಾರದೆಂದು ವಾಚಕರಲ್ಲಿಯೂ ಅಧ್ಯಾಪಕ ಬಂಧುಗಳಲ್ಲಿಯೂ ವಿನಂತಿಸುತ್ತೇನೆ.