ಮಟ್ಟುವಿನ ಬಾವಿ, ನೀರಿನ ಮಟ್ಟ

ಮಟ್ಟು ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಗುಳ್ಳ. ವಾದಿರಾಜರು ಬೀಜ ಕೊಟ್ಟರೆಂಬ ಕಥೆ, 2011ರಲ್ಲಿ ಸಿಕ್ಕ ಜಿಐ ಮಾನ್ಯತೆ, ಗುಳ್ಳದ ಹುಳಿಯ ರುಚಿ... ಇದನ್ನೆಲ್ಲ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಇವತ್ತು ಹೇಳಹೊರಟಿರುವುದು ಬಾವಿಯ ವಿಷಯ. ಬಾವಿಯೊಳಗೆ ನೀರು ಎಲ್ಲಿದೆ ಎಂದು ಮನುಷ್ಯ ಅಳೆಯಲು ಕಲಿತ ಕಥೆ. ಬೋರು ಅನ್ನಬೇಡಿ, ಬೋರ್‌ವೆಲ್ಲೂ ಬರುತ್ತದೆ ಇದರಲ್ಲಿ!

ಕಟಪಾಡಿಯಿಂದ ಪಡುವಣಕ್ಕೆ ಹೋದರೆ ಮಟ್ಟು ಸಿಗುತ್ತದೆ. ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಪಿನಾಕಿನಿ ಹೊಳೆ. ಬೇಸಿಗೆಯಲ್ಲಿ ಉಬ್ಬರ ಬಂದರೆ ಹೊಳೆಯೂ ಉಪ್ಪು. ನಡುವೆ ಹೊಯಿಗೆಯ ನೆಲ. ಅಂಥಲ್ಲಿ ಬಾವಿ ತೋಡಿದರೆ ಸಿಹಿನೀರು! ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಸುರಿಯುವ ಮಳೆಯ ಕೃಪೆ ಅದು.

ನಮ್ಮ ಕಡೆ ಬಾವಿಯ ಆಳವನ್ನು ಹೇಳುತ್ತಿದ್ದುದು ಕೋಲಿನ ಲೆಕ್ಕದಲ್ಲಿ. ಒಂದು ಕೋಲು ಅಂದರೆ ಎರಡೂವರೆ ಅಡಿಯ ಹತ್ತಿರ. ನೀರು ಎಷ್ಟು ಇಳಿಯಿತು ಅನ್ನುವುದು ಹಗ್ಗ ಹಿಡಿದ ಕೈಗೇ ತಿಳಿಯುತ್ತಿತ್ತು. ಕೊಡಪಾನಕ್ಕೆ ನೀರು ತಾಗಲು ಇನ್ನೂ ಎರಡು ಮೊಳ ಹಗ್ಗ ಬಿಡಬೇಕಾಯಿತು ಅಂದರೆ ಬೇಸಿಗೆ ಬಿಗಿಯಾಯಿತು ಅಂತಲೇ ಅರ್ಥ. ಲೆಕ್ಕವೇನೋ ಸರಿ. ಆದರೆ ಅದನ್ನು ಯಾರೂ ಬರೆದಿಡಲಿಲ್ಲ. ಹತ್ತು ವರ್ಷದ ಹಿಂದಿನ ಮೇ ತಿಂಗಳಿಗೂ ಈ ವರ್ಷದ ಮೇ ತಿಂಗಳಿಗೂ ಹೋಲಿಸುವುದು ಹೇಗೆ?

ಬರೆದಿಡುವವರು ಮೊದಲು ಮಾಡಿದ ಕೆಲಸ ಬಹಳ ಸರಳ. ಬಾವಿಕಟ್ಟೆಯ ಮೇಲೆ ಬಣ್ಣದಲ್ಲಿ ಒಂದು ಗುರುತು. ಯಾರೇ ಬಂದು ಅಳೆದರೂ ಅಲ್ಲಿಂದಲೇ ಅಳೆಯಬೇಕು. ಸ್ಟೀಲ್ ಟೇಪಿನ ತುದಿಗೆ ಸೀಮೆಸುಣ್ಣ ಬಳಿದು ಇಳಿಬಿಡುತ್ತಾರೆ. ಗುರುತಿನ ಬಳಿ 10 ಮೀಟರ್ ಹಿಡಿದಿದ್ದು, ತುದಿಯಿಂದ 1.35 ಮೀಟರ್ ತನಕ ಸುಣ್ಣ ಒದ್ದೆಯಾಗಿದ್ದರೆ ನೀರು ಇರುವುದು 8.65 ಮೀಟರ್ ಕೆಳಗೆ. ಅದರಲ್ಲಿ ಕಟ್ಟೆಯ ಎತ್ತರ ಕಳೆದರೆ ನೆಲದಿಂದ ಎಷ್ಟು ಕೆಳಗೆ ಎಂದು ಸಿಗುತ್ತದೆ. ಆಮೇಲೆ ವಿದ್ಯುತ್ ಸೌಂಡರ್ ಬಂತು. ತಂತಿಯ ತುದಿ ನೀರಿಗೆ ತಾಗಿದರೆ ಮೇಲೆ ಬಜರ್ ಕೂಗುತ್ತದೆ, ಅಷ್ಟೆ.

ನಮ್ಮ ದೇಶದಲ್ಲಿ ಇದನ್ನು ವ್ಯವಸ್ಥಿತವಾಗಿ ಶುರು ಮಾಡಿದ್ದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ, 1969ರಲ್ಲಿ, 410 ಬಾವಿಗಳಿಂದ. ಅದರ ಅಂತರ್ಜಲ ವಿಭಾಗ 1972ರಲ್ಲಿ ಕೇಂದ್ರೀಯ ಅಂತರ್ಜಲ ಮಂಡಳಿಯ ಜೊತೆ ಸೇರಿತು. ಮಂಡಳಿಯವರು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತಾರೆ: ಜನವರಿ, ಮಳೆಗೆ ಮೊದಲು, ಆಗಸ್ಟ್, ನವೆಂಬರ್. ಮೊದಮೊದಲು ಹೆಚ್ಚಿನವೆಲ್ಲ ಊರಿನ ತೋಡುಬಾವಿಗಳೇ. ಆದರೆ ಪಂಪು ಓಡುವ ಬಾವಿಯಲ್ಲಿ ನೀರು ತಾತ್ಕಾಲಿಕವಾಗಿ ಇಳಿದಿರುತ್ತದೆ, ಅಳತೆ ಸುಳ್ಳು ಹೇಳುತ್ತದೆ. ಅದಕ್ಕೇ ಅಳೆಯಲೆಂದೇ ಕೊರೆದ, ನೀರೆತ್ತದ ಸಣ್ಣ ಕೊಳವೆಬಾವಿ ಬಂತು. ಅದರ ಹೆಸರು ಪೀಜೋಮೀಟರ್. 1995ರಲ್ಲಿ ಶುರುವಾದ ಹೈಡ್ರಾಲಜಿ ಪ್ರಾಜೆಕ್ಟಿನಲ್ಲಿ ಕರ್ನಾಟಕವೂ ಇತ್ತು. ಆಗ ಇಂಥವುಗಳೊಳಗೆ ತಾನಾಗಿಯೇ ಬರೆದುಕೊಳ್ಳುವ ಡಿಜಿಟಲ್ ಯಂತ್ರಗಳೂ ಇಳಿದವು.

ಇಷ್ಟರಲ್ಲೇ ಕಥೆ ಮುಗಿಯುತ್ತಿತ್ತು, ಮಟ್ಟು ಘಟ್ಟದ ಮೇಲಿನ ಊರಾಗಿದ್ದರೆ!

ಕಡಲ ತಡಿಯಲ್ಲಿ ನೆಲದಿಂದ ಎಷ್ಟು ಕೆಳಗೆ ಅನ್ನುವುದು ಸಾಲದು. ಸಮುದ್ರಕ್ಕಿಂತ ಎಷ್ಟು ಮೇಲೆ ಅನ್ನುವುದು ಗೊತ್ತಾಗಬೇಕು. ಡಚ್ ಸೇನೆಯ ಎಂಜಿನಿಯರ್ ಬಾಡನ್ ಗೈಬೆನ್ 1889ರ ಸುಮಾರಿಗೆ, ಜರ್ಮನಿಯ ಹೆರ್ಜ್‌ಬರ್ಗ್ 1901ರಲ್ಲಿ, ಬೇರೆಬೇರೆಯಾಗಿ ಒಂದೇ ಮಾತು ಕಂಡುಕೊಂಡರು. ಸಿಹಿನೀರು ಉಪ್ಪುನೀರಿಗಿಂತ ಹಗುರ. ಹಾಗಾಗಿ ನೆಲದೊಳಗೆ ಅದು ಉಪ್ಪುನೀರಿನ ಮೇಲೆ ತೇಲುತ್ತದೆ. ಸಮುದ್ರಮಟ್ಟದಿಂದ ಒಂದು ಅಡಿ ಮೇಲಿದ್ದರೆ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು!

ಇದನ್ನು ತಿರುಗಿಸಿ ಓದಿ. ಹೆದರಿಕೆ ಇರುವುದು ಅಲ್ಲಿ. ಒಂದು ಬಾವಿಯ ನೀರು ನೆಲದಿಂದ 4.40 ಮೀಟರ್ ಕೆಳಗಿದೆ, ನೆಲ ಸಮುದ್ರಮಟ್ಟದಿಂದ 5 ಮೀಟರ್ ಮೇಲಿದೆ ಅಂದುಕೊಳ್ಳಿ. ಉಳಿಯಿತು 60 ಸೆಂ.ಮೀ. ಅದರ ಕೆಳಗೆ ಲೆಕ್ಕದ ಪ್ರಕಾರ 24 ಮೀಟರ್ ಸಿಹಿನೀರು. ಇನ್ನೂ 30 ಸೆಂ.ಮೀ. ಇಳಿದು ಹಾಗೆಯೇ ನಿಂತರೆ? ಉಳಿಯುವುದು 12 ಮೀಟರ್. ಹಗ್ಗ ಹಿಡಿದವನಿಗೆ ಒಂದು ಗೇಣು ಹೆಚ್ಚುಕಡಿಮೆ. ಕೆಳಗೆ ಉಪ್ಪುನೀರು ಮೂರು ಮಾಳಿಗೆಯಷ್ಟು ಮೇಲೇರುತ್ತದೆ. ಒಮ್ಮೆಲೇ ಅಲ್ಲ, ನಿಧಾನಕ್ಕೆ. ಎಲ್ಲ ನೆಲದಲ್ಲೂ ಇಷ್ಟೇ ಕರಾರುವಾಕ್ಕಾಗಿಯೂ ಅಲ್ಲ. ಆದರೆ ದಿಕ್ಕು ಅದೇ.

ಅಂದ ಹಾಗೆ, ಈ ಸಮುದ್ರಮಟ್ಟ ಎಂದರೆ ಯಾವ ಮಟ್ಟ? ಬ್ರಿಟಿಷರ ಕಾಲದ ಸರ್ವೆ ಆಫ್ ಇಂಡಿಯಾ ಒಂಬತ್ತು ಬಂದರುಗಳಲ್ಲಿ ಉಬ್ಬರವಿಳಿತ ಅಳೆದು 1909ರಲ್ಲಿ ದೇಶದ ಎತ್ತರಗಳಿಗೆಲ್ಲ ತಳ ಹಾಕಿತು. ಅದರಲ್ಲಿ ಒಂದು ನಮ್ಮ ಕಾರವಾರ.

ಈಗ ಬಾವಿಗೆ ಇಣುಕುವವರು ಎಷ್ಟು ಜನ? ಸ್ವಿಚ್ ಒತ್ತಿದರೆ ಟ್ಯಾಂಕ್ ತುಂಬುತ್ತದೆ. ಹಗ್ಗದ ಜೊತೆ ಹಗ್ಗದ ಲೆಕ್ಕವೂ ಹೋಯಿತು. 2019ರ ಮೇ ತಿಂಗಳಲ್ಲಿ ಬಜೆಯಲ್ಲಿ ನೀರು ತಳ ಕಂಡು ಉಡುಪಿ ನಗರಕ್ಕೆ ಸರದಿಯಲ್ಲಿ ನೀರು ಬಿಟ್ಟಾಗ ಎಲ್ಲರಿಗೂ ಬಾವಿ ನೆನಪಾಯಿತು. ಮಳೆ ಬಂತು, ಮರೆತೆವು. ವರ್ಷಕ್ಕೆ ನಾಲ್ಕು ಸಲ ಬರುವ ಸರ್ಕಾರದ ಟೇಪು ಪ್ರತಿ ಮನೆಯ ಬಾವಿಗೂ ಇಳಿಯುವುದಿಲ್ಲ. ನೀರು ಉಪ್ಪಾದದ್ದು ನಾಲಿಗೆಗೆ ತಿಳಿಯುವ ಹೊತ್ತಿಗೆ ಗುಳ್ಳದ ಗದ್ದೆಗೆ ತಡವಾಗಿರುತ್ತದೆ.

ಕರಾವಳಿಯ ಬ್ಲಾಗಿಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯ ಬಾವಿಕಟ್ಟೆಯ ಮೇಲೆ ಒಂದು ಗುರುತು ಹಾಕಿ. ತಿಂಗಳಿಗೊಮ್ಮೆ, ಬೆಳಿಗ್ಗೆ ಪಂಪು ಹಾಕುವ ಮೊದಲು ಅಳೆದು, ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಹತ್ತು ವರ್ಷದ ಹಳೆಯ ಕ್ಯಾಲೆಂಡರುಗಳನ್ನು ಮಾತ್ರ ರದ್ದಿಗೆ ಹಾಕಬೇಡಿ, ಅದೇ ನಿಮ್ಮ ಬಾವಿಯ ಚರಿತ್ರೆ.

ಏನಂತೀರಿ? ನಿಮ್ಮೂರಿನಲ್ಲಿ ಬಾವಿಯನ್ನು ಯಾವ ಲೆಕ್ಕದಲ್ಲಿ ಅಳೆಯುತ್ತಿದ್ದರು?