‘ಹೊಸ ಜೀನ್ ಪತ್ತೆ, ಔಷಧಿ ಬಂತು’: ಸಂಬಂಧದ ಮದುವೆಗೂ ಇದಕ್ಕೂ ಏನು ನಂಟು?

‘ವಿಜ್ಞಾನಿಗಳು ಹೊಸ ಜೀನ್ ಪತ್ತೆ ಮಾಡಿದ್ದಾರೆ, ಇನ್ನು ಮೇಲೆ ಹೃದಯಾಘಾತವೇ ಇಲ್ಲ’ ಎಂಬಂಥ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಇದರ ಜೊತೆಗೆ ಇನ್ನೆರಡು ಮಾತುಗಳೂ ಓಡಾಡುತ್ತವೆ. ಒಂದು, ‘ಸಂಬಂಧದಲ್ಲೇ ಮದುವೆಯಾದರೆ ಒಳ್ಳೆಯ ಜೀನ್ ಮನೆಯಲ್ಲೇ ಉಳಿಯುತ್ತದೆ’. ಇನ್ನೊಂದು, ‘ಶಿಬಿರದಲ್ಲಿ ರಕ್ತ ಕೊಟ್ಟರೆ ನಿಮ್ಮ ಜೀನ್ ವಿದೇಶಿ ಕಂಪನಿಗೆ ಹೋಗುತ್ತದೆ’. ಮೂರರಲ್ಲೂ ಒಂದು ಚೂರು ನಿಜ ಇದೆ, ಉಳಿದದ್ದು ಗಾಳಿ.

ಬಾದಾಮಿ, ಹುನಗುಂದ, ಇಳಕಲ್ ಕಡೆಯವರಿಗೆ ಇದು ದೂರದ ವಿಷಯವಲ್ಲ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು ಇಲ್ಲಿ ಹಳೆಯ ರೂಢಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 27ರಷ್ಟು ಮದುವೆಗಳು ರಕ್ತಸಂಬಂಧದಲ್ಲೇ ಆಗಿವೆ. ಇಡೀ ದೇಶದ ಸರಾಸರಿ ಶೇ 11. ಔಷಧಿ ಹುಡುಕುವ ವಿಜ್ಞಾನಿಗಳಿಗೂ ಇಂಥ ಕುಟುಂಬಗಳಿಗೂ ಇರುವ ನಂಟನ್ನು ಮೊದಲು ನೋಡೋಣ.

‘ಹೊಸ ಜೀನ್’ ಎಂದರೇನು?

ಜೀನ್ ಎಂದರೆ ವಂಶವಾಹಿ. ಪ್ರೋಟೀನ್ ಹೇಗೆ ತಯಾರಾಗಬೇಕು ಎಂದು ಜೀವಕೋಶಕ್ಕೆ ಹೇಳುವ ಸೂಚನೆ. ಇಳಕಲ್ ಸೀರೆಯ ಅಂಚಿನ ವಿನ್ಯಾಸ ಎಳೆಗಳ ಲೆಕ್ಕದ ಮೇಲೆ ನಿಂತಿರುತ್ತದಲ್ಲವೇ? ಆ ಲೆಕ್ಕದ ಚೀಟಿ ಜೀನ್ ಎಂದುಕೊಂಡರೆ, ಮಗ್ಗದ ಮೇಲೆ ನೇಯ್ದು ಬರುವ ಅಂಚು ಪ್ರೋಟೀನ್. ಒಂದೊಂದು ಲೆಕ್ಕಕ್ಕೂ ನಮ್ಮಲ್ಲಿ ಎರಡು ಚೀಟಿ ಇರುತ್ತವೆ: ಒಂದು ತಾಯಿಯಿಂದ, ಒಂದು ತಂದೆಯಿಂದ. ಒಂದು ಹರಿದರೂ ಸಾಮಾನ್ಯವಾಗಿ ಇನ್ನೊಂದು ಕೆಲಸ ನಡೆಸುತ್ತದೆ.

ಪ್ರೋಟೀನ್ ತಯಾರಿಸುವ ಜೀನ್‌ಗಳು ಮನುಷ್ಯನಲ್ಲಿ ಸುಮಾರು 20,000 ಇವೆ. ಮಾನವ ಜೀನೋಮ್ ಯೋಜನೆ 2003ರಲ್ಲಿ ಮುಗಿಯಿತು. ಉಳಿದಿದ್ದ ಖಾಲಿ ಜಾಗಗಳನ್ನು ತುಂಬಿದ ಪೂರ್ಣ ಓದು 2022ರಲ್ಲಿ ಬಂತು. ಹಾಗಾಗಿ ಇವತ್ತು ‘ಹೊಸ ಜೀನ್ ಪತ್ತೆ’ ಎಂಬ ಸುದ್ದಿ ಬಂದರೆ, ಬಹುತೇಕ ಅದು ಮೊದಲೇ ಪಟ್ಟಿಯಲ್ಲಿದ್ದ ಜೀನ್‌ನ ಕೆಲಸ ಏನೆಂದು ಈಗ ಗೊತ್ತಾಯಿತು ಎಂಬ ಸುದ್ದಿ.

ಕೆಲಸ ಗೊತ್ತಾಗುವುದು ಹೇಗೆ? ಚೀಟಿ ಹರಿದವರನ್ನು ನೋಡಿ.

ಕೊಬ್ಬು ಏರದ ಕುಟುಂಬ

ಪಿಸಿಎಸ್‌ಕೆ9 ಎಂಬ ಜೀನ್‌ನ ಕತೆ ಇದಕ್ಕೆ ಒಳ್ಳೆಯ ಉದಾಹರಣೆ. 2003ರಲ್ಲಿ ಫ್ರಾನ್ಸಿನ ಕೆಲವು ಕುಟುಂಬಗಳಲ್ಲಿ ಕೊಲೆಸ್ಟ್ರಾಲ್ ವಿಪರೀತ ಏರಲು ಈ ಜೀನ್‌ನ ಬದಲಾವಣೆಯೇ ಕಾರಣ ಎಂದು ತಿಳಿಯಿತು. ಆಮೇಲೆ ಅಮೆರಿಕದ ಸಂಶೋಧಕರು ಉಲ್ಟಾ ಹುಡುಕಿದರು: ಇದೇ ಜೀನ್ ಕೆಟ್ಟು, ಅದರಿಂದ ಕೊಲೆಸ್ಟ್ರಾಲ್ ಕಡಿಮೆ ಇರುವವರು ಯಾರಾದರೂ ಇದ್ದಾರೆಯೇ? ಇದ್ದರು. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ಪ್ರತಿ ಕೆಟ್ಟಿದ್ದ ಆಫ್ರಿಕನ್ ಅಮೆರಿಕನ್ನರಿಗೆ ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಶೇ 88ರಷ್ಟು ಕಡಿಮೆ ಇತ್ತು. ಎರಡೂ ಪ್ರತಿ ಕೆಟ್ಟ ಮಹಿಳೆಯೊಬ್ಬರೂ ಆರೋಗ್ಯವಾಗಿಯೇ ಇದ್ದರು. ಅಂದರೆ ಈ ಪ್ರೋಟೀನನ್ನು ತಡೆದರೆ ದೊಡ್ಡ ಹಾನಿಯಿಲ್ಲ ಎಂಬ ಧೈರ್ಯ ಔಷಧಿ ಕಂಪನಿಗಳಿಗೆ ಬಂತು. ಅದನ್ನು ತಡೆಯುವ ಎರಡು ಚುಚ್ಚುಮದ್ದುಗಳಿಗೆ 2015ರಲ್ಲಿ ಅನುಮತಿ ಸಿಕ್ಕಿತು. ಜೀನ್ ಗುರುತಾದ ಮೇಲೆ 12 ವರ್ಷ ಬೇಕಾಯಿತು, ಅದೂ ಎಲ್ಲ ಸರಿಯಾಗಿ ಕೂಡಿಬಂದ ಅಪರೂಪದ ಪ್ರಕರಣದಲ್ಲಿ. ‘ಮುಂದಿನ ತಿಂಗಳು ಮಾರುಕಟ್ಟೆಗೆ’ ಎನ್ನುವ ಸಂದೇಶವನ್ನು ಈ ಲೆಕ್ಕದಿಂದ ಅಳೆಯಿರಿ.

ಎರಡೂ ಪ್ರತಿ ಕೆಟ್ಟವರು ಸಿಗುವುದು ಬಹಳ ಕಷ್ಟ. ಆದರೆ ಗಂಡ ಹೆಂಡತಿ ಒಂದೇ ಅಜ್ಜನ ವಂಶದವರಾದರೆ, ಅಜ್ಜನ ಹರಿದ ಚೀಟಿ ಇಬ್ಬರ ಹತ್ತಿರವೂ ಇರುವ ಸಾಧ್ಯತೆ ಹೆಚ್ಚು. ಹಾಗಾಗಿ ಸಂಶೋಧಕರು ಸಂಬಂಧದ ಮದುವೆ ಹೆಚ್ಚಿರುವ ಪಾಕಿಸ್ತಾನಕ್ಕೆ ಹೋದರು. 10,503 ಜನರ ಜೀನ್ ಓದಿದ ಅಧ್ಯಯನ 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. 1,317 ಜೀನ್‌ಗಳಲ್ಲಿ ಎರಡೂ ಪ್ರತಿ ಕೆಟ್ಟವರು ಅದರಲ್ಲಿ ಸಿಕ್ಕರು. ಒಂದು ಕುಟುಂಬದಲ್ಲಂತೂ ಗಂಡ, ಹೆಂಡತಿ, ಒಂಬತ್ತೂ ಮಕ್ಕಳಲ್ಲಿ ಅಪೊಸಿ3 ಎಂಬ ಪ್ರೋಟೀನ್ ಇರಲೇ ಇಲ್ಲ. ಈ ಕುಟುಂಬದವರಿಗೆ ಕೊಬ್ಬು ತುಂಬಿದ ಪಾನೀಯ ಕುಡಿಸಿ ರಕ್ತ ಪರೀಕ್ಷಿಸಿದರೆ, ಬೇರೆಯವರಲ್ಲಿ ಏರುವಂತೆ ಇವರಲ್ಲಿ ಟ್ರೈಗ್ಲಿಸರೈಡ್ ಏರಲಿಲ್ಲ. ಈ ಪ್ರೋಟೀನನ್ನು ತಗ್ಗಿಸುವ ಔಷಧಿಯ ಕೆಲಸ ಅಷ್ಟರಲ್ಲಿ ನಡೆದೇ ಇತ್ತು, ಕುಟುಂಬದಿಂದ ಸಿಕ್ಕಿದ್ದು ಅದಕ್ಕೊಂದು ಬಲವಾದ ಸಾಕ್ಷಿ. ಅಂಥ ಔಷಧಿಗಳಲ್ಲಿ ಒಂದಾದ ಒಲೆಜಾರ್ಸೆನ್‌ಗೆ ಅಮೆರಿಕದಲ್ಲಿ ಡಿಸೆಂಬರ್ 2024ರಲ್ಲಿ ಅನುಮತಿ ಸಿಕ್ಕಿತು, ಅದೂ ಒಂದು ಅಪರೂಪದ ಕಾಯಿಲೆಗೆ ಮಾತ್ರ.

ಹಾಗಾದರೆ ಸಂಬಂಧದ ಮದುವೆ ಒಳ್ಳೆಯದೇ?

ಅಲ್ಲ. ಈ ಸುದ್ದಿಯನ್ನು ಹಾಗೆ ತಿರುಚುವುದೇ ದೊಡ್ಡ ತಪ್ಪು. ಒಂದು ಕುಟುಂಬದಲ್ಲಿ ಹರಿದ ಚೀಟಿಯಿಂದ ಕೊಬ್ಬು ತಗ್ಗಿದರೆ, ಬೇರೆ ಮನೆಗಳಲ್ಲಿ ಅದೇ ರೀತಿಯಿಂದ ಮಗುವಿಗೆ ಕಿವಿ ಕೇಳಿಸದಿರಬಹುದು, ಥಲಸ್ಸೇಮಿಯಾ ಬರಬಹುದು. ಯಾವ ಚೀಟಿ ಹರಿದಿದೆ ಎಂದು ಲಗ್ನಪತ್ರಿಕೆಯಲ್ಲಿ ಬರೆದಿರುವುದಿಲ್ಲ.

ಹಾಗೆಂದು ‘ಸಂಬಂಧದಲ್ಲಿ ಮದುವೆಯಾದವರ ಮಕ್ಕಳೆಲ್ಲ ಅಂಗವಿಕಲರು’ ಎನ್ನುವುದೂ ಸುಳ್ಳು. ಯಾವುದೇ ದಂಪತಿಗೆ ಹುಟ್ಟುವ 100 ಮಕ್ಕಳಲ್ಲಿ ಸುಮಾರು 2-3 ಮಕ್ಕಳಿಗೆ ಗಂಭೀರ ಜನ್ಮದೋಷ ಇರುತ್ತದೆ. ಸೋದರತ್ತೆ, ಸೋದರಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಅದು ಸುಮಾರು ಎರಡು ಪಟ್ಟು. ಸೋದರಮಾವನನ್ನೇ ಮದುವೆಯಾದರೆ ಇನ್ನೂ ಹೆಚ್ಚು, ಏಕೆಂದರೆ ಮಾವ ಸೊಸೆಯ ನಡುವೆ ಕಾಲು ಭಾಗ ಜೀನ್ ಒಂದೇ ಇರುತ್ತದೆ. ಅತ್ತೆ ಮಾವಂದಿರ ಮಕ್ಕಳಲ್ಲಿ ಅದು ಎಂಟರಲ್ಲಿ ಒಂದು ಭಾಗ.

ನಮ್ಮ ರಾಜ್ಯದಲ್ಲೇ ಇದರ ದೊಡ್ಡ ಲೆಕ್ಕ ನಡೆದಿದೆ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಬೆಂಗಳೂರು, ಮೈಸೂರಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ಮಾಹಿತಿ ಕಲೆಹಾಕಿದರು. ಹತ್ತಿರ ಹತ್ತಿರ ಮೂರರಲ್ಲಿ ಒಂದು ಮಗುವಿನ ಅಪ್ಪ ಅಮ್ಮ ರಕ್ತಸಂಬಂಧಿಗಳಾಗಿದ್ದರು.

ಹತ್ತಿರದ ಸಂಬಂಧ ಬಿಟ್ಟು ಜಾತಿಯೊಳಗೇ ತಲೆತಲಾಂತರದಿಂದ ಮದುವೆಯಾಗುತ್ತ ಬಂದರೂ ಹರಿದ ಚೀಟಿ ಗುಂಪಿನಲ್ಲಿ ಹರಡುತ್ತದೆ. ಹೈದರಾಬಾದಿನ ಸಿಸಿಎಂಬಿ ಮತ್ತು ಅಮೆರಿಕದ ವಿಜ್ಞಾನಿಗಳು 2017ರಲ್ಲಿ ಇದನ್ನು ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳಲ್ಲಿ ಅಳೆದರು. ಮೊದಲೇ ಗೊತ್ತಿದ್ದ ಉದಾಹರಣೆ ಆರ್ಯವೈಶ್ಯ ಸಮುದಾಯದ್ದು. ಶಸ್ತ್ರಚಿಕಿತ್ಸೆಗೆ ಮುನ್ನ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧಿಯ ಪ್ರಭಾವ ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಅದನ್ನು ಕರಗಿಸುವ ಪ್ರೋಟೀನ್ ಇಲ್ಲದವರು ಗಂಟೆಗಟ್ಟಲೆ ಉಸಿರಾಡಲಾಗದೆ ಯಂತ್ರದ ಮೇಲಿರಬೇಕಾಗುತ್ತದೆ. ಮನೆಯಲ್ಲಿ ಯಾರಿಗಾದರೂ ಅರಿವಳಿಕೆ ಕೊಟ್ಟಾಗ ಹೀಗಾಗಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಆ ಒಂದು ಮಾತು ಜೀವ ಉಳಿಸಬಹುದು, ಜಾತಿ ಯಾವುದೇ ಇರಲಿ.

ಶಿಬಿರದಲ್ಲಿ ಜೀನ್ ಕದಿಯುತ್ತಾರೆಯೇ?

ಸಕ್ಕರೆ, ಹಿಮೋಗ್ಲೋಬಿನ್ ಪರೀಕ್ಷೆಗೆ ಬೆರಳಿನಿಂದ ತೆಗೆಯುವ ಹನಿ ರಕ್ತದಿಂದ ಯಾರೂ ಜೀನ್ ಓದುವುದಿಲ್ಲ. ಆದರೆ ಜೀನ್ ಓದುವ ಯೋಜನೆಗಳು ಇವೆ ಎಂಬುದು ನಿಜ. 2020ರಲ್ಲಿ ಶುರುವಾದ ಸರ್ಕಾರದ ‘ಜೀನೋಮ್ ಇಂಡಿಯಾ’ ಯೋಜನೆಯಲ್ಲಿ 20 ಸಂಸ್ಥೆಗಳಿದ್ದವು, ಅವನ್ನೆಲ್ಲ ಜೋಡಿಸಿದ್ದು ಬೆಂಗಳೂರಿನ ಸೆಂಟರ್ ಫಾರ್ ಬ್ರೇನ್ ರಿಸರ್ಚ್. 83 ಸಮುದಾಯಗಳ ಸುಮಾರು 10,000 ಜನರ ಮಾಹಿತಿ ಜನವರಿ 2025ರಲ್ಲಿ ಸಂಶೋಧಕರಿಗೆ ತೆರೆದುಕೊಂಡಿತು. ದೇಶದಲ್ಲಿರುವ ಗುಂಪುಗಳು 4,600ಕ್ಕೂ ಹೆಚ್ಚು ಎನ್ನುವಾಗ ಇದು ಆರಂಭ ಅಷ್ಟೇ.

ಸಂಶೋಧನೆಗೆ ರಕ್ತ ಪಡೆಯುವವರು ಐಸಿಎಂಆರ್ ನಿಯಮದಂತೆ ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿ ಇದೆಯೇ, ಮಾದರಿ ಎಲ್ಲಿಗೆ ಹೋಗುತ್ತದೆ, ನಿಮಗೆ ಸಂಬಂಧಿಸಿದ ಗಂಭೀರ ಫಲಿತಾಂಶ ಸಿಕ್ಕರೆ ತಿಳಿಸುತ್ತಾರೆಯೇ, ಇದರಿಂದ ಔಷಧಿ ಬಂದರೆ ಲಾಭದಲ್ಲಿ ಸಮುದಾಯಕ್ಕೆ ಪಾಲಿದೆಯೇ ಎಂದು ಕೇಳಿ. ಬೇಡ ಎನ್ನುವ ಹಕ್ಕು ನಿಮಗಿದೆ. ಬೇಡ ಎಂದರೂ ನಿಮ್ಮ ಚಿಕಿತ್ಸೆ ನಿಲ್ಲಿಸುವಂತಿಲ್ಲ. ನನ್ನ ಮಟ್ಟಿಗೆ ಕೊನೆಯ ಎರಡು ಪ್ರಶ್ನೆಗಳೇ ಮುಖ್ಯ, ಜನ ಕೇಳುವುದು ಕಡಿಮೆ.

ಔಷಧಿಗಾಗಿ ವರ್ಷಗಟ್ಟಲೆ ಕಾಯಬೇಕು, ಪರೀಕ್ಷೆಗೆ ಕಾಯಬೇಕಿಲ್ಲ. ಸಂಬಂಧದಲ್ಲಿ ಲಗ್ನ ಗೊತ್ತಾಗಿದ್ದರೆ, ಅಥವಾ ಮನೆಯಲ್ಲಿ ಒಂದೇ ತೆರನ ಕಾಯಿಲೆಯಿಂದ ಎರಡು ಮಕ್ಕಳು ನರಳಿದ್ದರೆ, ಮದುವೆಗೆ ಅಥವಾ ಬಸಿರಿಗೆ ಮೊದಲೇ ವೈದ್ಯರನ್ನು ಕಂಡು ಮೂರು ತಲೆಮಾರಿನ ವಂಶಾವಳಿ ಹೇಳಿ. ಯಾರ ಮಗು, ಯಾವ ವಯಸ್ಸಿನಲ್ಲಿ, ಏನಾಯಿತು ಎಂದು ಅಜ್ಜಿಯನ್ನು ಕೇಳಿ ಬರೆದುಕೊಂಡು ಹೋಗಿ. ಥಲಸ್ಸೇಮಿಯಾ ವಾಹಕರೇ ಎಂಬುದು ರಕ್ತ ಪರೀಕ್ಷೆಯಲ್ಲೇ ತಿಳಿಯುತ್ತದೆ. ಹುಟ್ಟಿದ ಮಗುವಿನಲ್ಲಿ ತೊಂದರೆ ಕಂಡರೆ ಅಂಗನವಾಡಿ, ಶಾಲೆಗಳಿಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೆ ತೋರಿಸಿ. ಅವರ ತಪಾಸಣೆ ಉಚಿತ, ಅಗತ್ಯವಿದ್ದರೆ ದೊಡ್ಡ ಆಸ್ಪತ್ರೆಗೂ ಕಳಿಸುತ್ತಾರೆ.