ನಮ್ಮ ಕಲ್ಲಲ್ಲಿ ಎಣ್ಣೆ ಹುಟ್ಟಲಿಲ್ಲ, ಆದ್ರೆ ಎಣ್ಣೆ ಕಾಯ್ತಿದೆ (ನೆಲದ ಕಥೆ, ಭಾಗ 6)

ಹಿರೇನಲ್ಲೂರು ಕಡೆ ಬೋರ್ ಕೊರೆಸೋದು ನೋಡಿದ್ದೀರಲ್ವಾ? ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡ್ತಾರೆ, ಸಾಲ ಮಾಡಿ ಕೊರೆಸ್ತಾರೆ. ನೀರು ಬರಲಿಲ್ಲ ಅಂದ್ರೆ ಕೈಗೆ ಸಿಗೋದು ಬೂದು ಕಲ್ಲುಪುಡಿ. ಎಣ್ಣೆ ಹುಡುಕೋರಿಗೂ ಇದೇ ಭಯ. ಅದಕ್ಕೇ ಕೊರೆಯೋ ಮೊದಲು ಆ ನೆಲದ ಪೂರ್ತಿ ಇತಿಹಾಸವನ್ನ ಲೆಕ್ಕ ಹಾಕ್ತಾರೆ. ಅದರ ಹೆಸರು ಬೇಸಿನ್ ಮಾಡೆಲಿಂಗ್.

ಸಮುದ್ರದ ತಳದಲ್ಲಿ ಸತ್ತ ಸೂಕ್ಷ್ಮಜೀವಿಗಳು ಹೂಳಲ್ಲಿ ಮುಚ್ಚಿಹೋಗ್ತವೆ. ಪದರದ ಮೇಲೆ ಪದರ ಬಿದ್ದು ಆಳಕ್ಕೆ ಇಳಿದು, ಸುಮಾರು 60ರಿಂದ 120 ಡಿಗ್ರಿ ಬಿಸಿಯಲ್ಲಿ ಲಕ್ಷಾಂತರ ವರ್ಷ ಬೆಂದರೆ ಎಣ್ಣೆ. ಜಾಸ್ತಿ ಬೆಂದರೆ ಗ್ಯಾಸ್. 1971ರಲ್ಲಿ ಸೋವಿಯತ್ ವಿಜ್ಞಾನಿ ಲೋಪಾಟಿನ್ ಒಂದು ಸರಳ ಲೆಕ್ಕ ಕೊಟ್ಟರು: ಬಿಸಿ 10 ಡಿಗ್ರಿ ಏರಿದಾಗೆಲ್ಲ ಬೇಯುವ ವೇಗ ದುಪ್ಪಟ್ಟು. ನಮ್ಮ ಬಿಕಾಂನವರಿಗೆ ಇದು ಚಕ್ರಬಡ್ಡಿ ಇದ್ದ ಹಾಗೆ. ಇವತ್ತು ಇದೇ ಕೆಲಸವನ್ನ ಕಂಪ್ಯೂಟರ್ ಇನ್ನೂ ಸೂಕ್ಷ್ಮವಾಗಿ ಮಾಡುತ್ತೆ.

ಎಣ್ಣೆ ಹುಟ್ಟಿದ್ರಷ್ಟೇ ಸಾಲದು. ಅದು ನೀರಿಗಿಂತ ಹಗುರ, ಮೇಲಕ್ಕೆ ಸರಿಯುತ್ತೆ. ದಾರಿಯಲ್ಲಿ ಸಣ್ಣ ರಂಧ್ರಗಳಿರೋ ಕಲ್ಲು, ಅದರ ಮೇಲೆ ಸೋರದ ಮುಚ್ಚಳ ಇರಬೇಕು. ಆ ಮುಚ್ಚಳ ಎಣ್ಣೆ ಬರೋಕೆ ಮುಂಚೆ ರೆಡಿ ಇರಬೇಕು. ತಡವಾದ್ರೆ ಎಣ್ಣೆ ಸೋರಿಹೋಗುತ್ತೆ. 1974ರಲ್ಲಿ ಸಾಗರ್ ಸಾಮ್ರಾಟ್ ರಿಗ್ ಕೊರೆದ ಬಾಂಬೆ ಹೈನಲ್ಲಿ ಇದೆಲ್ಲ ಕೂಡಿ ಬಂದಿತ್ತು: ಸುತ್ತಲಿನ ತಗ್ಗಲ್ಲಿ ಹುಟ್ಟಿದ ಎಣ್ಣೆ, ದಿಬ್ಬದ ಸುಣ್ಣದಕಲ್ಲಲ್ಲಿ ಬಂದು ನಿಂತಿತ್ತು.

ಹಾಗಾದ್ರೆ ಕಡೂರಲ್ಲಿ? ನಮ್ಮ ಕಾಲ ಕೆಳಗಿರೋದು ಬಹುಪಾಲು ಗ್ರಾನೈಟ್ ಜಾತಿಯ, ಸುಮಾರು 300 ಕೋಟಿ ವರ್ಷದ ಗಟ್ಟಿ ಕಲ್ಲು. ಬಾಬಾಬುಡನ್‌ಗಿರಿಯ ಪದರಗಳೂ 250 ಕೋಟಿ ವರ್ಷಕ್ಕಿಂತ ಹಳೆಯವು, ಎಣ್ಣೆಗೆ ಬೇಕಾದ ಬಿಸಿಯನ್ನ ಯಾವತ್ತೋ ದಾಟಿ ಹೋಗಿವೆ. ಮಾಡೆಲ್‌ನಲ್ಲಿ ಉತ್ತರ ಸೊನ್ನೆ.

ಆದ್ರೆ ಕಥೆ ಇಲ್ಲಿಗೇ ಮುಗಿಯಲ್ಲ. ಕರಾವಳಿಯ ಇಂಥದ್ದೇ ಗಟ್ಟಿ ಕಲ್ಲನ್ನ ಕೊರೆದು, ಮಂಗಳೂರಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯೋ ಗುಹೆಗಳನ್ನ ಮಾಡಿದ್ದಾರೆ. 2018ರಲ್ಲಿ ಅಬುಧಾಬಿಯ ತೈಲ ಮಂಗಳೂರಿಗೆ ಬಂತು. ಒಳಗೆ ಉಕ್ಕಿನ ಟ್ಯಾಂಕ್ ಇಲ್ಲ. ಸುತ್ತಲ ಬಿರುಕುಗಳಲ್ಲಿರೋ ನೀರಿನ ಒತ್ತಡ ಎಣ್ಣೆಯನ್ನ ಹೊರಗೆ ಬಿಡಲ್ಲ. ಪ್ರಕೃತಿ ಮುಚ್ಚಳ ಹಾಕಿದ ಕಡೆ ಇಲ್ಲಿ ನೀರೇ ಮುಚ್ಚಳ.

ವಿಶಾಖಪಟ್ಟಣದ ಗುಹೆಯನ್ನೂ ಸೇರಿಸಿದ್ರೆ, ಮೂರೂ ತುಂಬಿದಾಗ ದೇಶಕ್ಕೆ ಸುಮಾರು 9.5 ದಿನ ಸಾಕು ಅನ್ನೋದು ಸರ್ಕಾರದ ಅಂದಾಜು. ಗಲ್ಫ್‌ನಲ್ಲಿ ಯುದ್ಧ ಅಂತ ಸುದ್ದಿ ಬಂದಾಗ ಈ ಅಂಕಿ ನೆನಪಿಟ್ಟುಕೊಳ್ಳಿ. ನಿಮ್ಮ ಬೈಕಿನ ಪೆಟ್ರೋಲು, ಅಪ್ಪನ ಟ್ರ್ಯಾಕ್ಟರಿನ ಡೀಸೆಲ್ಲು, ಎರಡೂ ಆ ದಿನಗಳ ಲೆಕ್ಕದಲ್ಲೇ ಇವೆ.

#ನೆಲದಕಥೆ #ಕಡೂರು #ಹಿರೇನಲ್ಲೂರು